ಸೆರಗು ಒದ್ದೆ ಮಾಡದ ಪುಸ್ತಕ

ಪುಸ್ತಕ ಓದಿ ಅಳುವುದರಲ್ಲಿ ನಮ್ಮ ಅತ್ತೆ ಇಡೀ ಕಂಪ್ಲಿಗೇ ಹೆಸರಾದವರು. ಕಾದಂಬರಿಯ ನಾಯಕಿಗೆ ನೆಗಡಿಯಾದರೂ ಸಾಕು, ಇವರ ಸೆರಗು ಕಣ್ಣಿಗೆ ಹೋಗುತ್ತದೆ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯೊಂದು ಇನ್ನೂ ಜೀವ ಹಿಡಿದುಕೊಂಡಿದೆ. ಅದರ ಮಾಲೀಕ ಗಿರಾಕಿಗಳಿಗೆ ಬರೆದವರ ಹೆಸರು ಹೇಳುವುದೇ ಇಲ್ಲ. "ಇದಕ್ಕ ಕಂಪ್ಲಿ ಅಮ್ಮಾರು ಭಾಳ ಅತ್ತಾರ್ರೀ, ಕಣ್ಮುಚ್ಚಿ ತಗೊಂಡ್ಹೋಗ್ರಿ" ಎನ್ನುತ್ತಾನೆ. ಅವರು ಓದಿ ಕೊಟ್ಟ ಪುಸ್ತಕ ಯಾವುದೆಂದು ಕಂಡುಹಿಡಿಯುವುದೂ ಸುಲಭ. ಕೊನೆಯ ಹಾಳೆಗಳು ಉಬ್ಬಿ ಪುಸ್ತಕ ಸರಿಯಾಗಿ ಮುಚ್ಚುವುದಿಲ್ಲ.

ಅವರದೇ ಒಂದು ಅಳತೆಯೂ ಇತ್ತು. ಸೆರಗಿನ ತುದಿ ಮಾತ್ರ ಒದ್ದೆಯಾದರೆ "ಅಡ್ಡಿಯಿಲ್ಲ". ಸೆರಗೆಲ್ಲ ಒದ್ದೆಯಾದರೆ "ಮಸ್ತ್ ಐತಿ". ಸೀರೆಯನ್ನೇ ಬದಲಿಸಬೇಕಾಗಿ ಬಂದರೆ ಆ ಪುಸ್ತಕ ಓಣಿಯ ಹೆಂಗಸರೆಲ್ಲರ ಕೈ ದಾಟಿದ ಮೇಲೆಯೇ ಹೊಸಪೇಟೆಗೆ ವಾಪಸ್. ಒಮ್ಮೆ ಬೀಗರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ನಾವು ಗುಡಿ ನೋಡಿ ಬರುವಷ್ಟರಲ್ಲಿ ಇವರು ಮಂಟಪದ ನೆರಳಲ್ಲಿ ಕೂತು ಕಾದಂಬರಿ ಓದುತ್ತ ಬಿಕ್ಕುತ್ತಿದ್ದರು. ಗೈಡ್ ಒಬ್ಬ ಇವರತ್ತ ಕೈ ಮಾಡಿ ತನ್ನ ಪ್ರವಾಸಿಗಳಿಗೆ ಏನೋ ಹೇಳುತ್ತಿದ್ದ. ಸಾಮ್ರಾಜ್ಯ ಹಾಳಾದ ದುಃಖ ಇವರಿಗೆ ಇನ್ನೂ ಆರಿಲ್ಲ ಅಂದನೋ ಏನೋ, ವಿದೇಶಿ ಹೆಂಗಸೊಬ್ಬಳು ಬಂದು ಅತ್ತೆಯ ಕೈ ಹಿಡಿದು, ಕಾಗದದ ಕರವಸ್ತ್ರ ಕೊಟ್ಟು ಹೋದಳು. ಅತ್ತೆ ಅದರಲ್ಲಿ ಮೂಗು ಒರೆಸಿಕೊಂಡು ಓದು ಮುಂದುವರಿಸಿದರು.

ಇಂಥವರ ಸೊಸೆ ನಾನು. ಹುಟ್ಟಿದ್ದು ಸಂಡೂರಿನ ಕೆಂಪು ಧೂಳಿನಲ್ಲಿ, ಮದುವೆಯಾಗಿ ಬಂದದ್ದು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ. ನಾನೂ ಒಂದು ಕಾದಂಬರಿ ಬರೆದೆ. ಹೊಸದಾಗಿ ಮದುವೆಯಾದ ಹುಡುಗಿ ಕೊನೆಯಲ್ಲಿ ಸಾಯುವ ಕಥೆ. ಅವಳನ್ನು ಸಾಯಿಸುವಾಗ ನಾನೇ ಬಿಕ್ಕಿ ಬಿಕ್ಕಿ ಅತ್ತು, ಒಲೆಯ ಮೇಲಿನ ಸಾರು ಹೊತ್ತಿಸಿ, ಗಂಡನಿಂದ ಬೈಸಿಕೊಂಡಿದ್ದೆ. ಪ್ರಶಸ್ತಿ ಗಿಶಸ್ತಿಯ ಆಸೆ ನನಗಿರಲಿಲ್ಲ. ಆದರೆ ಕಂಡವರ ಪುಸ್ತಕಕ್ಕೆಲ್ಲ ಸೆರಗು ನೆನೆಸುವ ಈ ಹೆಂಗಸು ಸೊಸೆಯ ಪುಸ್ತಕಕ್ಕೆ ಅಳದಿದ್ದರೆ ನಾನು ಬರೆದು ಏನುಪಯೋಗ? ಅಚ್ಚಿಗೆ ಕಳಿಸುವ ಮೊದಲು ಅತ್ತೆಯ ಸೆರಗು ಒದ್ದೆಯಾಗಲೇಬೇಕು ಎಂದು ಹಟ ಹಿಡಿದು ಹಾಳೆಗಳ ಕಟ್ಟನ್ನು ಅವರ ಕೈಗಿಟ್ಟೆ.

ಅವರು ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಓದಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುವ ನೆಪ ಮಾಡಿಕೊಂಡು ಅವರ ಕಣ್ಣನ್ನೇ ನೋಡುತ್ತಿದ್ದೆ. ಸಾವಿನ ಅಧ್ಯಾಯ ಬಂತು. ಅವರ ಕೈ ಸೆರಗಿಗೆ ಹೋಯಿತು. ನಾನು ಬೆಳ್ಳುಳ್ಳಿ ಹಿಡಿದುಕೊಂಡೇ ಅರ್ಧ ಎದ್ದೆ. ಅವರು ಸೆರಗಿನಿಂದ ಕನ್ನಡಕ ಒರೆಸಿ, ಹಾಕಿಕೊಂಡು, ಅದೇ ಹಾಳೆಯನ್ನು ಇನ್ನೊಮ್ಮೆ ಓದಿ ಕಿಸಕ್ಕನೆ ನಕ್ಕರು.

"ಯಾಕ್ರೀ ಅತ್ತಿ?" ಎಂದೆ.

"ಏನಿಲ್ಲ ತಾಯಿ. ಹುಡುಗಿ ಸತ್ಲು, ಮನೆಯಲ್ಲಿ ಮೌನ ಆವರಿಸಿತು ಅಂತ ಬರ್ದೀಯಲ್ಲ. ಸತ್ತ ಮನ್ಯಾಗ ಮೌನ ಎಲ್ಲೈತಿ? ಒಬ್ಬಾಕಿನಾರ ಹಾಡ್ಯಾಡಿ ಅಳಬ್ಯಾಡೇನು? ಪಾಪ, ಆಕಿನ್ನ ದಿಕ್ಕಿಲ್ಲದ ಹೆಣ ಮಾಡಿಬಿಟ್ಟಿ."

ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರು ಮಾಡಿದ್ದು, ಬಿಟ್ಟುಹೋದದ್ದು ಎಲ್ಲವನ್ನೂ ರಾಗ ತೆಗೆದು ಹಾಡಿಕೊಂಡು ಅಳುತ್ತಾರೆ. ಎಮ್ಮಿಗನೂರಿನ ತವರಿನಿಂದ ಈ ವಿದ್ಯೆ ಕಲಿತು ಬಂದ ಅತ್ತೆ ಅದರಲ್ಲಿ ಎತ್ತಿದ ಕೈ. ಓಣಿಯಲ್ಲಿ ಯಾರೇ ತೀರಿಕೊಂಡರೂ ಮೊದಲು ಇವರನ್ನು ಕರೆಯುತ್ತಾರೆ, ಇವರು ಬರುವ ತನಕ ಉಳಿದವರು ಸಣ್ಣ ದನಿಯಲ್ಲಿ ಅಳುತ್ತ ಕಾಯುತ್ತಿರುತ್ತಾರೆ.

ಅದೆಲ್ಲ ಸರಿ, ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. "ಮೌನಕ್ಕೂ ಒಂದು ಅರ್ಥ ಇರ್ತೈತ್ರಿ. ಅದು ಸಾಹಿತ್ಯ" ಎಂದೆ.

"ಇರ್ಲಿ ಬಿಡು. ಆದ್ರ ಅಳು ಬರವಲ್ದು, ನಾ ಏನ್ ಮಾಡ್ಲಿ?"

"ಹಂಗಾರ ನೀವ ಅತ್ತು ತೋರಸ್ರಿ."

ಸಿಟ್ಟಿನಲ್ಲಿ ಆಡಿದ ಮಾತು. ಅವರು ಅದನ್ನು ಆಹ್ವಾನ ಎಂದುಕೊಂಡರು. ನನ್ನ ಹಾಳೆಗಳ ಕಟ್ಟನ್ನು ಚಾಪೆಯ ಮೇಲೆ ಎದುರಿಗಿಟ್ಟುಕೊಂಡರು, ತಲೆಗೆ ಸೆರಗು ಹೊದ್ದರು, ಗಂಟಲು ಸರಿ ಮಾಡಿಕೊಂಡು ಎತ್ತಿದರು ನೋಡಿ ದನಿಯನ್ನ. "ಒಲಿಮ್ಯಾಲಿನ ಹಾಲು ಉಕ್ಕೈತಲ್ಲೇ ನನ ಮಗಳಾ, ಇಳಸಾಕ ಯಾರಿಲ್ಲೇ... ಹಚ್ಚಿದ ದೀಪ ಹಂಗ ಐತಲ್ಲೇ ನನ ತಾಯೀ, ಎಣ್ಣಿ ಹಾಕಾಕಿ ಎಲ್ಲಿ ಹ್ವಾದೆ..." ನಾನು ಹುಟ್ಟಿಸಿದ ಹುಡುಗಿ, ನಾನೇ ಕೊಂದ ಹುಡುಗಿ, ಅವಳು ಹಾಲು ಕಾಯಿಸುತ್ತಿದ್ದಳೆಂಬುದು ನನಗೇ ಗೊತ್ತಿರಲಿಲ್ಲ. ಬೆಳ್ಳುಳ್ಳಿ ಬಿಟ್ಟು ನಾನೂ ಅವರ ಪಕ್ಕ ಕೂತು ಗೋಳೋ ಎಂದು ಅಳಲು ಶುರುಮಾಡಿದೆ.

ಇಲ್ಲಿ ನಮ್ಮ ಮಾವನ ವಿಷಯ ಹೇಳಬೇಕು. ಗಿರಣಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರ ಜಾಗ ಪಡಸಾಲೆಯ ಗೋಡೆ. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಊಟ ಮಾಡಿ, ಆ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತರೆ ಕೂತಂತೆಯೇ ನಿದ್ದೆ. ಅವತ್ತು ಹೆಂಡತಿಯ ಹಾಡು ಬೇರೆ ಇತ್ತು. ಅದನ್ನು ಕೇಳುತ್ತ ಸುಖವಾಗಿ ಕಣ್ಣು ಮುಚ್ಚಿ ತಲೆ ಒಂದು ಕಡೆ ವಾಲಿಸಿದ್ದರು. ಅವರಿಗೆ ಜ್ವರ ಬಂದು ಹೋಗಿದ್ದು ಓಣಿಗೆಲ್ಲ ಗೊತ್ತಿತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕುತ್ತಾರೆ. ಮುಂಬಾಗಿಲು ಹಾರು ಹೊಡೆದಿತ್ತು.

ಮೊದಲು ಬಂದವಳು ಪಕ್ಕದ ಮನೆಯಾಕೆ. ಹೊಸ್ತಿಲಲ್ಲೇ ಮಾವನನ್ನು ನೋಡಿ, ಎದೆ ಬಡಿದುಕೊಂಡು ಬಂದು ಅತ್ತೆಯ ಕೊರಳಿಗೆ ಬಿದ್ದಳು. ನನ್ನ ನಾಯಕಿಗೆ ಇಷ್ಟು ಬೇಗ ಇನ್ನೊಬ್ಬರು ಅಳಲು ಬಂದದ್ದು ಕಂಡು ಅತ್ತೆಗೆ ಹುರುಪು ಬಂತು. ನೋಡಿದ್ಯಾ ಎನ್ನುವಂತೆ ನನ್ನತ್ತ ಕಣ್ಣು ಹಾಯಿಸಿ ರಾಗವನ್ನು ಇನ್ನೂ ಮೇಲಕ್ಕೆ ಒಯ್ದರು. ಒಬ್ಬೊಬ್ಬರಾಗಿ ಪಡಸಾಲೆ ತುಂಬಿತು. ಓಣಿಯ ಮೊಬೈಲ್ ಗ್ರೂಪಿನಲ್ಲಿ ಯಾರೋ ಮಾವನ ಹಳೆಯ ಫೋಟೋ ಹಾಕಿ, ಲಿಂಗೈಕ್ಯರಾದರು ಎಂದು ಬರೆದೂ ಆಯಿತು. ಎದುರು ಮನೆಯವರು ಅನ್ನ ಸಾರು ಹೊತ್ತು ತಂದರು, ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಮೂಲೆಯ ಹೂವಿನಂಗಡಿಯವನು ನೀರು ಚಿಮುಕಿಸಿದ ಸೇವಂತಿಗೆ ಹಾರ ತಂದು, ಕೈ ಮುಗಿದು, ಮಾವನ ಕೊರಳಿಗೆ ಹಾಕಿದ.

ತಣ್ಣನೆಯ ಹೂವು ಕೊರಳಿಗೆ ತಾಕಿದ್ದೇ ಮಾವ ಕಣ್ಣು ಬಿಟ್ಟರು. "ಯಾರ ಮದಿವಿಲೇ ಇದು?" ಎಂದರು.

ಹೂವಿನವನು ಹಿಂದಕ್ಕೆ ಹಾರಿ ಸಾರಿನ ಪಾತ್ರೆಯ ಮೇಲೆ ಬೀಳುವುದರಲ್ಲಿದ್ದ. ಆಮೇಲಿನದನ್ನು ಹೇಗೆ ಹೇಳಲಿ? ಅತ್ತೆ ಹಾಳೆಗಳ ಕಟ್ಟನ್ನು ಎತ್ತಿ ತೋರಿಸಿ, "ನಾ ಈಕಿಗೆ ಅಳಾಕತ್ತಿದ್ದೆ, ಇವರಿಗಲ್ಲ" ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ನನ್ನ ಗಂಡ ತಲೆತುಂಬ ತೌಡಿನ ಧೂಳು ಮೆತ್ತಿಕೊಂಡು ಗಿರಣಿಯಿಂದ ಓಡಿ ಬಂದು, ಹಾರ ಹಾಕಿಕೊಂಡು ಫೋನಿನಲ್ಲಿ "ನಾನ ಮಾತಾಡಾಕತ್ತೀನಿ, ಇನ್ನೂ ಹೋಗಿಲ್ಲ" ಎನ್ನುತ್ತಿದ್ದ ಅಪ್ಪನನ್ನು ಕಂಡು ಹೊಸ್ತಿಲ ಮೇಲೆ ಕುಸಿದು ಕೂತರು. ತಂದ ಅಡುಗೆಯನ್ನು ವಾಪಸ್ ಒಯ್ಯಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಅಲ್ಲೇ ಕೂತು ಉಂಡೆವು. ಮಾವನಿಗೆ ಅದು ಎರಡನೆಯ ಊಟ.

ಉಂಡು ಕೈ ತೊಳೆದ ಮಾವನಿಗೆ ತಮಾಷೆ ಹತ್ತಿತು. ಹಾರ ಸರಿ ಮಾಡಿಕೊಂಡು, ಗೋಡೆಗೆ ನೆಟ್ಟಗೆ ಒರಗಿ, "ಹೆಂಗೂ ಮಂದಿ ಕೂಡ್ಯಾರ. ಊರ ಮಂದಿಗೆಲ್ಲ ಹಾಡ್ತಿ, ನನಗೇನ್ ಹಾಡ್ತಿ ಕೇಳೂನು, ಹಾಡು" ಎಂದು ಕಣ್ಣು ಮುಚ್ಚಿದರು.

ಪಡಸಾಲೆ ಮತ್ತೆ ನಕ್ಕಿತು. ಅತ್ತೆಯೂ ನಗುತ್ತಲೇ ಸೆರಗು ಹೊದ್ದರು. "ಚಾಕ್ಕ ಸಕ್ಕರಿ ಸಾಲದಂತ ಮಾರಿ ತಿರುವತಿದ್ದೆಲ್ಲೋ ನನ ರಾಜಾ..." ಎಂದು ರಾಗ ತೆಗೆದರು. ನಾವು ಹೊಟ್ಟೆ ಹಿಡಿದುಕೊಂಡೆವು. "ಇನ್ನ ಆ ಚಾ ನಾ ಯಾರಿಗೆ..." ಎಂದರು. ಅಲ್ಲಿಗೆ ನಿಂತಿತು. ಮುಂದಿನ ಮಾತು ಮರೆತಿರಬೇಕು ಎಂದು ನಾವು ಕಾದೆವು. ಅವರು ಗೋಡೆಗೊರಗಿದ್ದ ಗಂಡನ ಮುಖವನ್ನೇ ನೋಡುತ್ತಿದ್ದರು. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ನೊಣ ಹಾರಿದರೂ ಕೇಳಿಸುವಷ್ಟು ಸುಮ್ಮನಾಯಿತು ಪಡಸಾಲೆ. ಮಾವ ಕಣ್ಣು ಬಿಟ್ಟು, "ಸಾಕ್ ಬಿಡು" ಎಂದು ಹಾರ ತೆಗೆದಿಟ್ಟರು. ಅತ್ತೆ ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟರು. ಅವತ್ತು ಮಾವನ ಲೋಟದಲ್ಲಿ ಅರ್ಧ ಸಕ್ಕರೆಯೇ ಇತ್ತು, ಅವರು ಮುಖ ತಿರುವದೆ ಕುಡಿದರು.

ನಾನು ಕೊನೆಯ ಅಧ್ಯಾಯ ಹರಿದು ಹಾಕಿ ಹೊಸದಾಗಿ ಬರೆದೆ. ಹುಡುಗಿಯನ್ನು ಬದುಕಿಸಿದೆ. ಊರಿಗೆಲ್ಲ ಹಾಡಿಕೊಂಡು ಅಳುವ ಒಬ್ಬ ಮುದುಕಿಯನ್ನು ತಂದು ಆ ಮುದುಕಿಯದೇ ಗಂಡನ ಹೆಣದ ಮುಂದೆ ಕೂರಿಸಿದೆ. ಆಮೇಲೆ ಹಳೆಯ ವಾಕ್ಯವನ್ನೇ ಮತ್ತೆ ಬರೆದೆ, ಮನೆಯಲ್ಲಿ ಮೌನ ಆವರಿಸಿತು ಎಂದು. ಈ ಸಲ ಹಟವಿರಲಿಲ್ಲ, ಕೊಡಲೋ ಬೇಡವೋ ಎಂಬ ಅಂಜಿಕೆ ಇತ್ತು. ಅತ್ತೆಯೇ ಕೇಳಿ ಇಸಕೊಂಡರು.

ಅದೇ ಪಡಸಾಲೆ, ಅದೇ ಚಾಪೆ. ಮಾವ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಅತ್ತೆ ಆ ಹಾಳೆಗೆ ಬಂದದ್ದು ನನಗೆ ಗೊತ್ತಾಯಿತು. ಕೈ ಸೆರಗಿಗೆ ಹೋಗಲಿಲ್ಲ. ಕನ್ನಡಕ ತೆಗೆದಿಟ್ಟು, ಎದ್ದು, ಮಾವನ ಹತ್ತಿರ ಹೋಗಿ ಬಗ್ಗಿ, ಮೂಗಿನ ಕೆಳಗೆ ಬೆರಳು ಹಿಡಿದರು.

ಮಾವನಿಗೆ ಎಚ್ಚರವಾಯಿತು. "ಏನ?"

"ಏನಿಲ್ಲ, ನೊಣ ಕುಂತಿತ್ತು. ಮಲಗ್ರಿ."

ಹಾಳೆಗಳ ಕಟ್ಟನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಇದನ್ನ ನಾ ಮುಂದ ಓದಂಗಿಲ್ಲ. ಅಚ್ಚು ಹಾಕಸು, ಮಂದಿ ಅಳಲಿ" ಎಂದರು. ಬೇಕಿದ್ದರೆ ಮುಟ್ಟಿ ನೋಡಬಹುದಿತ್ತು, ಸೆರಗು ಒಣಗಿದಂತೆಯೇ ಇತ್ತು. ಅತ್ತೆ ಅದರ ತುದಿ ಹಿಡಿದು, ಮಾವ ಏಳುವ ತನಕ, ಇಲ್ಲದ ನೊಣ ಓಡಿಸುತ್ತ ಅವರ ಪಕ್ಕದಲ್ಲೇ ಕೂತಿದ್ದರು.