ಅಪ್‌ಡೇಟಿಗೊಂದು ಚಪ್ಪಾಳೆ

ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಟೆಕ್ಸಸ್‌ಗೆ ಬಂದು, ಈಗ ರಿಟೈರ್ ಆಗಿ ಕೂತಿರುವ ನಾವು ವರ್ಷಕ್ಕೊಮ್ಮೆ ಸೇರುತ್ತೇವೆ. ಈ ಸಲ ಹ್ಯೂಸ್ಟನ್‌ನ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಮೈಕ್ ಹಿಡಿದು ತಮ್ಮ ಅಪ್‌ಡೇಟ್ ಕೊಡಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಅದು ನಮ್ಮ ಪದ್ಧತಿ. ಅಪ್‌ಡೇಟಂತೆ, ಅಪ್‌ಡೇಟು! ಕೇಳುವವರಾದರೂ ಯಾರು? ತಮ್ಮ ಸರದಿಗೆ ಏನು ಕೊಚ್ಚಿಕೊಳ್ಳಬೇಕೆಂದು ಪ್ರತಿಯೊಬ್ಬನೂ ಮನಸ್ಸಿನಲ್ಲೇ ಉರು ಹೊಡೆಯುತ್ತಿರುತ್ತಾನೆ.

ಆಸ್ಟಿನ್‌ನಿಂದ ಬಂದವನು ಅಲಾಸ್ಕಾ ಕ್ರೂಸ್ ಬಗ್ಗೆ ಕೊರೆದ. ಡಲ್ಲಾಸ್‌ನವನೊಬ್ಬ ಪಿಕಲ್‌ಬಾಲ್ ಆಡಿ ಶುಗರ್ ಇಳಿಸಿಕೊಂಡದ್ದನ್ನು ಯುದ್ಧ ಗೆದ್ದವನ ಹಾಗೆ ಹೇಳಿದ. ಇಬ್ಬರಿಗೂ ಚಪ್ಪಾಳೆ ಬಿತ್ತು.

ನನ್ನ ಸರದಿ ಬಂತು. ಗ್ರೂಪಿನಲ್ಲಿ ಮೆಸೇಜ್ ಹಾಕಿ, ಕೈಮುಗಿದ ಚಿತ್ರಗಳ ಸಾಲು ನೋಡುವುದು ಬೇಡ, ಎದುರಿಗೇ ಹೇಳೋಣ ಎಂದು ಇಷ್ಟು ದಿನ ತಡೆದುಕೊಂಡಿದ್ದೆ. ಡಲ್ಲಾಸ್ ಪಕ್ಕದ ನಮ್ಮೂರು ಅಲೆನ್‌ನಿಂದ ಒಬ್ಬನೇ ಡ್ರೈವ್ ಮಾಡಿಕೊಂಡು ಬರುವಾಗ ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತನ್ನೆಲ್ಲ ಬಿಟ್ಟು ಮೈಕ್ ಹಿಡಿದೆ.

"ಜನವರಿಯಲ್ಲಿ ನನ್ನ ಹೆಂಡತಿ ತೀರಿಕೊಂಡಳು," ಎಂದಷ್ಟೇ ಹೇಳಿದೆ.

"ಸೂಪರ್! ನೆಕ್ಸ್ಟ್ ಯಾರು?" ಎನ್ನುತ್ತಾ ಮನೆಯ ಯಜಮಾನ ಮೈಕ್ ಇಸಿದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬಂದು ಕೂತೆ. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಪಕ್ಕದಲ್ಲೇ ಇದ್ದ. ಇನ್ನೂ ಕೈ ತಟ್ಟುತ್ತಲೇ ನನ್ನ ಕಡೆ ಬಾಗಿ, "ಎಲ್ಲೋ ನಿನ್ನ ಹೆಂಡ್ತಿ? ಬರ್ಲಿಲ್ವಾ?" ಎಂದು ಕೇಳಿದ.

"ಈಗ ತಾನೇ ಚಪ್ಪಾಳೆ ತಟ್ಟಿ ಕಳಿಸಿಕೊಟ್ಟೆಯಲ್ಲೋ," ಅಂದೆ.