ನೋಯ್ ಇಂಟಾ ದಾರಿ ಬಿಟ್ಟದ್ದು

ನನ್ನ ಗಂಡನ ಅಣ್ಣ ನೋಯ್ ಇಂಟಾ, ಲಾಂಪಾಂಗಿನಿಂದ ಚಿಯಾಂಗ್ ಮಾಯಿಗೆ ಲಾರಿಯಲ್ಲಿ ಪಿಂಗಾಣಿ ಬೋಗುಣಿ ಸಾಗಿಸುತ್ತಿದ್ದರು. ಹೆಸರು ಬರೀ ಇಂಟಾ. ಚಿಕ್ಕಂದಿನಲ್ಲಿ ವಿಹಾರದಲ್ಲಿ ಕಾವಿ ಉಟ್ಟು, ನಾಲ್ಕಕ್ಷರ ಕಲಿತು ಹೊರಬಂದವರಾದ್ದರಿಂದ ನಮ್ಮ ಕಡೆಯ ರೂಢಿಯಂತೆ ಹೆಸರಿಗೆ ನೋಯ್ ಅಂಟಿಕೊಂಡಿತ್ತು. ಆ ಬೋಗುಣಿಗಳ ಮೇಲೆ ಹುಂಜದ ಚಿತ್ರ ಬರೆಯುವವಳು ನಾನು. ನಾನು ಬರೆದ ಹುಂಜಗಳನ್ನು ಹುಲ್ಲಿನಲ್ಲಿ ಸುತ್ತಿ, ಹಸುಗೂಸನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಲಾರಿಯೊಳಗೆ ಜೋಡಿಸುತ್ತಿದ್ದವರು ಭಾವ. ತಮ್ಮ ಕೈಯಲ್ಲಿ ಒಂದು ಬೋಗುಣಿಯೂ ಒಡೆದಿಲ್ಲ ಎನ್ನುವುದೇ ಅವರ ಜಂಬ.

ಆ ದಾರಿಯಲ್ಲಿ ಖುನ್ ತಾನ್ ಘಾಟಿ ಹತ್ತಿ ಇಳಿಯಬೇಕು. ಹೋಗಲು ಎರಡು ಲೇನು, ಬರಲು ಎರಡು. ಭಾರದ ಗಾಡಿಗಳು ಎಡಗಡೆಯ ಲೇನಿನಲ್ಲೇ ಹೋಗಬೇಕು. ಬಲಗಡೆಯದು ಮುಂದಿನ ಗಾಡಿಯನ್ನು ದಾಟುವುದಕ್ಕೆ ಮಾತ್ರ, ದಾಟಿದ ಮೇಲೆ ಮತ್ತೆ ಎಡಕ್ಕೆ. ಲೈಸೆನ್ಸಿಗೆ ಹೋದವರೆಲ್ಲ ಒಪ್ಪಿಸಿದ ಪಾಠವೇ ಇದು. ಘಾಟಿಯ ಬುಡದಲ್ಲಿ ಆಳೆತ್ತರದ ಫಲಕವೂ ಇದೆ. ಆದರೆ ಮಿತಿಮೀರಿ ಹೇರಿಕೊಂಡ ಲಾರಿಗಳಿಂದಾಗಿ ಎಡಗಡೆ ಕುಸಿದು, ಗಾಲಿ ಇಟ್ಟರೆ ಉತ್ತ ಗದ್ದೆಯಂತೆ ಎತ್ತಿಹಾಕುತ್ತಿತ್ತು. ಬಲಗಡೆ ಹಲಗೆಯಂತೆ ನುಣುಪು. ಭಾವ ಹತ್ತುವಾಗಿನಿಂದ ಇಳಿಯುವವರೆಗೂ ಬಲಗಡೆ ಬಿಟ್ಟು ಕದಲುತ್ತಿರಲಿಲ್ಲ. ನೀರಲ್ಲಿ ನೆನೆಹಾಕಿದ ಅಕ್ಕಿಯಂತೆ ಕದಲದ ಇಂಥವರಿಗೆ ನಮ್ಮಲ್ಲಿ 'ಬಲಗಡೆ ನೆನೆಯುವವರು' ಎಂದೇ ಹೆಸರು.

ಘಾಟಿಯ ಕೆಳಗಿನ ನೂಡಲ್ ಅಂಗಡಿಯಲ್ಲಿ ಉಳಿದ ಡ್ರೈವರುಗಳು ಅವರನ್ನು ಕಿಚಾಯಿಸುತ್ತಿದ್ದರು.

"ಏನಪ್ಪಾ ನೋಯ್, ಇವತ್ತೂ ಬಲಗಡೆ ನೆನೆಹಾಕಿದ್ಯಾ? ಅಷ್ಟೊತ್ತು ನೆನೆದ್ರೆ ಅಕ್ಕಿ ಹುಳಿ ಬರುತ್ತೆ ಕಣೋ."

"ನೀನು ಹೊರೋದು ಕೋಸು, ಉರುಳಿದ್ರೆ ಎತ್ಕೋತೀಯ. ನನ್ನ ಪಿಂಗಾಣಿ ಉರುಳಿದ್ರೆ ನಿಮ್ಮಪ್ಪ ಬಂದು ಅಂಟಿಸ್ತಾನಾ?"

"ಹಿಂದಿನೋರು ದಾರಿ ಕೇಳಿದ್ರೆ?"

"ಕೇಳ್ಲಿ ಬಿಡು. ದೀಪ ಮಿಣುಕಿಸಿ ಮಿಣುಕಿಸಿ ಸುಸ್ತಾದ್ರೆ ಸುಮ್ನಾಗ್ತಾರೆ."

ಅದು ಕಾಡಿಗೆ ಬೆಂಕಿ ಬೀಳುವ ಕಾಲ. ಬೆಟ್ಟಗಳೆಲ್ಲ ಹೊಗೆಯಲ್ಲಿ ಮುಳುಗಿ, ನಡುಹಗಲಲ್ಲೂ ಸೂರ್ಯ ಉಪ್ಪಿನಲ್ಲಿ ಊರಿಟ್ಟ ಮೊಟ್ಟೆಯ ಹಳದಿಯಂತೆ ಮಸುಕಾಗಿ ನೇತಾಡುತ್ತಿದ್ದ. ಭಾವ ಚಿಯಾಂಗ್ ಮಾಯಿಗಿಂತ ಮೊದಲು ಸಿಗುವ ಲಾಂಫೂನ್ ಕಡೆಗೆ ಘಾಟಿ ಇಳಿಯುತ್ತಿದ್ದರು, ಎಂದಿನಂತೆ ಬಲಗಡೆ. ಹಿಂದೆ ಒಂದು ಸಣ್ಣ ಬಿಳಿ ಕಾರು ಬಂದು ದೀಪ ಮಿಣುಕಿಸಿತು. ಹಾರ್ನ್ ಹಾಕಿತು. ಮತ್ತೆ ಮಿಣುಕಿಸಿತು. ಭಾವ ಕಿಟಕಿಯಿಂದ ಕೈ ಚಾಚಿ, ತಾಳು ಎಂಬಂತೆ ಆಡಿಸಿದರು. ಬಹಳ ಹೊತ್ತು ಕಾದ ಕಾರು ಕೊನೆಗೆ ರೇಗಿ ಎಡಗಡೆಯಿಂದ ನುಗ್ಗಿತು. ತಿರುವಿನಾಚೆ ಅದೇ ಎಡ ಲೇನಿನಲ್ಲಿ ಗಾಲಿ ಪಂಕ್ಚರಾದ ಬಿದಿರಿನ ಲಾರಿಯೊಂದು ನಿಂತಿತ್ತು. ಎಚ್ಚರಿಕೆಗೆ ತ್ರಿಕೋನ ಇಡುವ ಬದಲು ಅದರ ಡ್ರೈವರು ನಾಲ್ಕು ಹಸಿ ಕೊಂಬೆ ಮುರಿದು ರಸ್ತೆಗೆ ಹಾಸಿದ್ದ. ಆ ಹೊಗೆಯಲ್ಲಿ ಕೊಂಬೆ ಯಾರ ಕಣ್ಣಿಗೆ ಬೀಳಬೇಕು? ಎಡಗನ್ನಡಿಯಲ್ಲಿ ಭಾವನಿಗೆ ಕಾರಿನ ಮೂತಿ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಅಕ್ಕಿ ಮೂಟೆ ಜಾರಿಬಿದ್ದ ಹಾಗೆ ಒಂದೇ ಒಂದು ಸದ್ದು.

ಪೊಲೀಸಿನವನು ಬಂದು ಮೂರೂ ಗಾಡಿಗಳನ್ನು ಸುತ್ತಿ ನೋಡಿದ. "ಎಡಗಡೆಯಿಂದ ನುಗ್ಗಿದ್ದು ಕಾರಿನ ಹುಡುಗನ ತಪ್ಪು. ಕೊಂಬೆ ಹಾಸಿ ನಿಲ್ಸಿದ್ದು ಬಿದಿರಿನೋನ ತಪ್ಪು. ನಿನ್ನ ಗಾಡಿಗೆ ಗೀರೂ ಬಿದ್ದಿಲ್ಲ, ನೀನು ಹೊರಡಪ್ಪ" ಎಂದ. ನೀನು ಬಲಗಡೆ ಯಾಕಿದ್ದೆ ಎಂದು ಯಾರೂ ಕೇಳಲಿಲ್ಲ. ಭಾವ ಚಿಯಾಂಗ್ ಮಾಯಿ ಮುಟ್ಟಿ ಲೋಡು ಇಳಿಸಿದರು. ಒಂದು ಬೋಗುಣಿಯೂ ಒಡೆದಿರಲಿಲ್ಲ.

ಬೆಳಕು ಶುರುವಾದದ್ದು ಅದರ ಮುಂದಿನ ಲೋಡಿನಲ್ಲಿ. ಘಾಟಿ ಇಳಿಯುವಾಗ ಬಲಗನ್ನಡಿಯ ಮೂಲೆಯಲ್ಲಿ ಸುಣ್ಣ ಸವರಿದಂಥ ಒಂದು ಬಿಳುಪು ಹೊತ್ತಿಕೊಂಡು ಆರಿತು, ಮತ್ತೆ ಹೊತ್ತಿಕೊಂಡಿತು. ಯಾರೋ ದಾರಿ ಕೇಳುತ್ತಿದ್ದಾರೆಂದು ಭಾವ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ ಹಿಂದೆ ರಸ್ತೆ ಬರಿದಾಗಿತ್ತು. ಜೋರಾಗಿ ಓಡಿಸಿದರು, ಬೆಳಕೂ ಜೋರಾಗಿ ಬಂತು. ನಿಲ್ಲಿಸಿ ಇಳಿದರು, ಏನೂ ಇಲ್ಲ. ಆಮೇಲೆ ಅದು ಘಾಟಿಯನ್ನೂ ಮೀರಿ ಮನೆಯವರೆಗೆ ಬಂತು. ಎಂಜಿನ್ ಆರಿಸಿ ಅಂಗಳದಲ್ಲಿ ನಿಲ್ಲಿಸಿದ ಲಾರಿಯ ಕನ್ನಡಿಯಲ್ಲಿ ಬಿಳುಪು ಮಿಣುಕುವುದನ್ನು ನಾನೇ ಕಂಡೆ. ಬಿಸಿಲಿನ ಮಿಂಚಿರಬೇಕು ಎಂದುಕೊಂಡೆ. ಆದರೆ ಆ ದಿನ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಬಿಸಿಲೇ ಇರಲಿಲ್ಲ.

ಓರಗಿತ್ತಿ ಅಂಪೈ ಅಕ್ಕ ಬೆಳಿಗ್ಗೆ ಬಿಸಿಬಿಸಿಯಾಗಿ ಬುಟ್ಟಿಗೆ ತುಂಬಿ ಕೊಟ್ಟ ಅಂಟಕ್ಕಿ ಅನ್ನ, ಭಾವ ಊಟಕ್ಕೆ ಬಿಚ್ಚುವಷ್ಟರಲ್ಲಿ ಹಳಸಿ ನೂಲು ಬಿಟ್ಟಿರುತ್ತಿತ್ತು. ನಮ್ಮ ನಾಯಿ ಲಾರಿಯ ಹಿಂಭಾಗದೆದುರು ಕೂತು ಬೊಗಳುತ್ತಿರಲಿಲ್ಲ, ಗುರುತಿದ್ದವರು ಬಂದಂತೆ ಬಾಲ ಆಡಿಸುತ್ತಿತ್ತು. ಭಾವ ಸೊರಗುತ್ತಾ ಹೋದರು. ಕೊನೆಗೆ ಬಲಗನ್ನಡಿಗೆ ಬಟ್ಟೆ ಕಟ್ಟಿದರು. ಅಂಪೈ ಅಕ್ಕ ಬೈದಳು: "ಹಿಂದೆ ನೋಡ್ದೇ ಗಾಡಿ ಓಡಿಸ್ತೀರಾ? ಸಾಯೋಕೆ ಬೇರೆ ದಾರಿ ಇಲ್ವಾ ನಿಮ್ಗೆ?"

"ನೋಡಿದ್ರೆ ಸಾಯ್ತೀನಿ ಕಣೇ" ಎಂದರು ಭಾವ.

ಹೀಗಿರುವಾಗ ಒಂದು ದಿನ ಮುದುಕಿಯೊಬ್ಬಳು ನಮ್ಮ ಅಂಗಳಕ್ಕೆ ಬಂದಳು. ಹೆಸರು ಬುವಾಚುಮ್, ಘಾಟಿಯ ಆಚೆಯ ಹಳ್ಳಿಯವಳು. ಕೈಯಲ್ಲಿ ಮೀನು ಗೋರುವ ಬಿದಿರಿನ ಬಲೆ, ಹೆಗಲ ಮೇಲೆ ಒಂದು ಗಂಡಸಿನ ಅಂಗಿ. ನೋಡಿದೊಡನೆ ನಮಗೆ ಅರ್ಥವಾಯಿತು. ಯಾರಾದರೂ ಬಿದ್ದೋ ಬೆದರಿಯೋ ಜೀವ ಹಾರಿಹೋದಂತಾದರೆ, ಮೈಯೊಳಗಿನ ಚೇತನ, ನಾವು ಖ್ವಾನ್ ಎನ್ನುವುದು, ಅಲ್ಲೇ ಆ ಜಾಗದಲ್ಲಿ ಉದುರಿ ಉಳಿಯುತ್ತದೆ. ಮನೆಯ ಹಿರಿಯಳು ಅವರ ಬಟ್ಟೆ ಹಿಡಿದು, ಹೆಸರು ಕೂಗಿ, ಬಲೆಯಲ್ಲಿ ಅದನ್ನು ಗೋರಿ ತಂದು ಮುಂಗೈಗೆ ನೂಲು ಕಟ್ಟಬೇಕು.

"ಬಿಳಿ ಕಾರಿನ ಹುಡುಗ ನನ್ನ ಮೊಮ್ಮಗ, ಟೋನ್" ಎಂದಳು.

ಭಾವ ಎದ್ದು ಕೈಮುಗಿದರು.

"ಬದುಕಿದ್ದಾನಪ್ಪ, ಹೆದರ್ಬೇಡ. ತಲೆಯ ಗಾಯ ಮಾಯ್ದಿದೆ. ಡಾಕ್ಟ್ರು ಏನೂ ಇಲ್ಲ ಅಂತ ಮನೆಗೆ ಕಳ್ಸಿದ್ರು. ಆದ್ರೆ ಕೂರ್ಸಿದ್ರೆ ಕೂತೇ ಇರ್ತಾನೆ. ಬಾಯಿಗಿಟ್ರೆ ನುಂಗ್ತಾನೆ, ಇಡ್ದಿದ್ರೆ ಇಲ್ಲ. ಕಣ್ಣು ತೆರೆದಿರುತ್ತೆ, ಒಳಗೆ ಯಾರೂ ಇಲ್ಲ. ಅವನು ಬಿದ್ದ ಜಾಗದಲ್ಲಿ ಎಷ್ಟು ಸಲ ಗೋರಿದೆ ಗೊತ್ತಾ? ಬಲೆ ಹಗುರವಾಗೇ ಬಂತು. ಅಲ್ಲಿ ಇಲ್ಲ ಅವನು." ಮುದುಕಿ ನಮ್ಮ ಲಾರಿಯ ಕಡೆ ತಿರುಗಿದಳು. "ಆಮೇಲೆ ಯೋಚನೆ ಬಂತು. ಬೀಳೋಕೆ ಮುಂಚೆ ಅಷ್ಟು ಹೊತ್ತು ಅವನು ನೋಡ್ತಾ ಇದ್ದಿದ್ದು ಏನನ್ನ? ನಿನ್ನ ಲಾರಿ ಬೆನ್ನನ್ನ. ಸಿಕ್ಕಾಕ್ಕೊಂಡು ಬಂದಿರ್ಬೇಕು. ನಿಜ ಹೇಳು ಮಗಾ, ನನ್ನ ಹುಡುಗನ್ನ ಹೊತ್ಕೊಂಡು ತಿರುಗ್ತಿದೀಯಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಿಸಿಕೊಂಡ ಕರುವನ್ನು ಪಕ್ಕದ ಮನೆಯವರಲ್ಲಿ ವಿಚಾರಿಸಿದ ಹಾಗಿತ್ತು. ಭಾವ ಅಂಗಳದ ಮಣ್ಣಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದರು. ದಾರಿ ಬಿಡದೆ ಕೈ ಆಡಿಸಿದ್ದನ್ನೂ ಹೇಳಿದರು. ಅದನ್ನು ಅವರು ನಮಗೂ ಹೇಳಿರಲಿಲ್ಲ.

ಮುದುಕಿ ಅಂಗಿಯನ್ನು ಲಾರಿಯ ಹಿಂಬಾಗಿಲಿಗೆ ತಾಗಿಸಿ, "ಟೋನ್, ಬಾ ಮಗಾ, ಇಳಿ" ಎಂದು ಗಾಳಿಯಲ್ಲಿ ಬಲೆ ಗೋರಿದಳು. ಬಲೆಯ ಹಿಡಿ ಬಾಗಿತು. ನಾವೆಲ್ಲ ನೋಡಿದೆವು, ದೊಡ್ಡ ಮೀನು ಸಿಕ್ಕಂತೆ ಬಾಗಿತು. ಮರುಕ್ಷಣ ನೆಟ್ಟಗಾಯಿತು.

"ಇಲ್ಲೇ ಇದ್ದಾನೆ" ಎಂದಳು, ಬೆವರು ಒರೆಸಿಕೊಳ್ಳುತ್ತಾ. "ಇಳಿಯಲ್ಲ ಅಂತಾನೆ. ಮೊದಲಿಂದ್ಲೂ ಹಟಮಾರಿ ಮುಂಡೇದು. ದಾರಿ ಕೇಳಿದ್ದಾನೆ, ಸಿಕ್ಕೋವರ್ಗೂ ಬಿಡಲ್ಲ. ಕೊಟ್ಬಿಡಪ್ಪ."

ಮಾರನೆಯ ಮಧ್ಯಾಹ್ನ ಭಾವ ಲೋಡು ಸಮೇತ ಹೊರಟರು. ಮುದುಕಿಗೆ ಹೆಂಗಸರ ಜೊತೆ ಬೇಕೆಂದು ನಾನೂ ಹತ್ತಿದೆ. ಭಾವ ಸ್ಟಿಯರಿಂಗ್ ಹಿಡಿದು ಬಲಕ್ಕೆ, ನಡುವೆ ನಾನು, ಎಡಕ್ಕೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡ ಮುದುಕಿ. ಕನ್ನಡಿಯ ಬಟ್ಟೆಯನ್ನು ಅವಳೇ ಬಿಚ್ಚಿಸಿದ್ದಳು. ಘಾಟಿಯ ನೆತ್ತಿಯಲ್ಲಿರುವ ದೈವದ ಗುಡಿಗೆ ಎಲ್ಲರಂತೆ ಹಾರ್ನ್ ಹಾಕಿ ಇಳಿಯತೊಡಗಿದೆವು. ಸುತ್ತ ಹೊಗೆ. ಹಕ್ಕಿಯ ದನಿಯೂ ಇಲ್ಲ. ಸುಟ್ಟ ಎಲೆಗಳ ಕರಿ ಚೂರುಗಳು ಗಾಜಿನ ಮೇಲೆ ಮೆಲ್ಲಗೆ ಬಂದು ಕೂರುತ್ತಿದ್ದವು. ಆ ತಿರುವು ಹತ್ತಿರವಾದಂತೆ ಕನ್ನಡಿಯಲ್ಲಿ ಬಿಳುಪು ಹೊತ್ತಿಕೊಂಡಿತು. ಆರಿತು. ಹೊತ್ತಿಕೊಂಡಿತು.

"ಬಂದ" ಎಂದರು ಭಾವ.

"ಹೆದರ್ಬೇಡ. ಜೀವಂತ ಇರೋರಿಗೆ ಹೇಗೆ ಬಿಡ್ತೀಯೋ ಹಾಗೇ ಬಿಡು" ಎಂದಳು ಮುದುಕಿ.

ಜೀವಂತ ಇದ್ದವರಿಗೂ ಭಾವ ಬಿಟ್ಟವರಲ್ಲ. ಆದರೂ ಎಡಗಡೆಯ ಇಂಡಿಕೇಟರ್ ಹಾಕಿದರು. ಎಡಗನ್ನಡಿ ನೋಡಿದರು, ತಲೆ ತಿರುಗಿಸಿ ಪಕ್ಕವನ್ನೂ ನೋಡಿದರು. ಎಡ ಲೇನು ಖಾಲಿಯಿತ್ತು. ಹೊಸಬರು ಪರೀಕ್ಷೆ ಕೊಡುವಷ್ಟು ನಿಧಾನವಾಗಿ ಲಾರಿ ಎಡಕ್ಕೆ ಸರಿಯಿತು. ಗಾಲಿಗಳು ಕುಸಿದ ಜಾಡಿಗೆ ಬಿದ್ದದ್ದೇ ತಡ ಇಡೀ ಲಾರಿ ಕುಲುಕಾಡಿತು. ಹಿಂದೆ ಬೋಗುಣಿಗಳು ಒಂದಕ್ಕೊಂದು ಬಡಿದು ಚಟಚಟನೆ ಸಿಡಿಯತೊಡಗಿದವು. ಒಂದೊಂದು ಸದ್ದಿಗೂ ಭಾವನ ಭುಜ ಅದುರುತ್ತಿತ್ತು. ಲಾರಿ ಮಾತ್ರ ಎಡಗಡೆಯಲ್ಲೇ ಇತ್ತು.

ಆಗ ಬಲಗಡೆಯ ಕಿಟಕಿಯ ಹೊರಗೆ ಹೊಗೆ ಸೀಳಿಕೊಂಡಿತು. ಕಾರಿರಲಿಲ್ಲ, ಎಂಜಿನ್ನಿನ ಸದ್ದೂ ಇರಲಿಲ್ಲ. ಕಾರಿನಷ್ಟೇ ಉದ್ದದ ತಿಳಿ ಗಾಳಿಯೊಂದು ನಮ್ಮ ಪಕ್ಕಕ್ಕೆ ಬಂದು, ನಮ್ಮ ವೇಗಕ್ಕೇ ಸ್ವಲ್ಪ ದೂರ ಓಡಿತು. ಅದರಾಚೆ ರಸ್ತೆ ನಡುವಿನ ಗಿಡಗಳು ತೊಳೆದಷ್ಟು ಸ್ಪಷ್ಟವಾಗಿ ಕಂಡವು. ಒಳಗೆ ಚಳಿ ತುಂಬಿ ನನ್ನ ಹಲ್ಲು ಕಟಕಟಿಸಿತು. ಮುದುಕಿ ನನ್ನ ತೊಡೆಯ ಮೇಲೆ ಅಡ್ಡಬಿದ್ದು, ಭಾವನ ಎದೆಯ ಮುಂದಿನಿಂದ ಅಂಗಿ ಚಾಚಿ ಕೂಗಿದಳು:

"ಟೋನ್! ನೆಟ್ಟಗೆ ಮನೆಗೆ ಹೋಗು! ನಿಮ್ಮಮ್ಮ ಅನ್ನ ಇಟ್ಕೊಂಡು ಕಾಯ್ತಿದ್ದಾಳೆ ಕಣೋ!"

ಆ ತಿಳಿಗಾಳಿ ಮುಂದೆ ಹೋಯಿತು. ಹೊಗೆ ಮತ್ತೆ ಕೂಡಿಕೊಂಡಿತು. ಕನ್ನಡಿಯಲ್ಲಿ ಹಿಂದಿನ ರಸ್ತೆಯೊಂದೇ ಇತ್ತು.

ಘಾಟಿ ಇಳಿದು ಮುದುಕಿಯ ಹಳ್ಳಿ ಮುಟ್ಟಿದಾಗ ಟೋನನ ತಾಯಿ ಬೀದಿಗೇ ಓಡಿಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಒಳಗೆ ಒಬ್ಬ ಸಣಕಲು ಹುಡುಗ ಚಾಪೆಯ ಮೇಲೆ ಕೂತು, ತಾನೇ ಅನ್ನದುಂಡೆ ಕಟ್ಟಿ ಮೆಣಸಿನ ಚಟ್ನಿಗೆ ಅದ್ದಿ ಬಾಯಿಗಿಡುತ್ತಿದ್ದ. ನಮ್ಮನ್ನು ನೋಡಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ಅಜ್ಜಿ, ಖಾರ ಸಾಲ್ದು" ಎಂದ. ಮುದುಕಿ ಅವನ ಮುಂಗೈಗೆ ಬಿಳಿ ನೂಲು ಕಟ್ಟಿದಳು. ಭಾವ ಹೊಸ್ತಿಲ ಹೊರಗೇ ನಿಂತು ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ದಿನದ ಲೋಡಿನಲ್ಲಿ ಅರ್ಧಕ್ಕರ್ಧ ಬೋಗುಣಿ ಚೂರಾಗಿತ್ತು. ಕಾರ್ಖಾನೆಯ ಯಜಮಾನಿ ಎಗರಾಡಿದಳು. ಭಾವ ಹುಲ್ಲನ್ನು ದಪ್ಪವಾಗಿ ಸುತ್ತಿದರು, ನಿಧಾನವಾಗಿ ಓಡಿಸಿದರು, ಆದರೆ ಎಡ ಲೇನು ಬಿಡಲಿಲ್ಲ. ಪ್ರತಿ ಲೋಡಿನಲ್ಲೂ ಒಂದಿಷ್ಟು ಒಡೆಯುತ್ತಲೇ ಇತ್ತು. ಕೊನೆಗೆ ಯಜಮಾನಿ ಬೇರೆ ಲಾರಿ ಗೊತ್ತುಮಾಡಿಕೊಂಡಳು. ಭಾವ ಲಾಂಫೂನಿನ ಲೊಂಗಾನ್ ಹಣ್ಣು ಹೇರತೊಡಗಿದರು. ಆ ಹಣ್ಣು ಕುಲುಕಿದರೆ ಕೆಡುವುದಿಲ್ಲ. ಎಲ್ಲಾದರೂ ಗಾಡಿ ಕೆಟ್ಟು ನಿಂತದ್ದು ಕಂಡರೆ ತಾವೂ ನಿಲ್ಲಿಸಿ, ತಮ್ಮ ತ್ರಿಕೋನವನ್ನೇ ಒಯ್ದು ದೂರದಲ್ಲಿ ಇಟ್ಟು ಬರುತ್ತಿದ್ದರು. ಹಾಗೆ ಎಷ್ಟೋ ತ್ರಿಕೋನಗಳನ್ನು ಕಳೆದುಕೊಂಡರು. ಅಂಪೈ ಅಕ್ಕ ಗೊಣಗುವುದನ್ನೂ ಬಿಟ್ಟಳು.

ಹಣ್ಣಿನ ಸುಗ್ಗಿಯಲ್ಲಿ ಟೋನ್ ಬುಟ್ಟಿ ಹೊರಲು ಬರುತ್ತಾನೆ. ಮಾತುಗಾರ. ಆಗ ಅಷ್ಟು ದಿನ ಎಲ್ಲಿದ್ದೆ, ಏನಾದರೂ ನೆನಪಿದೆಯೇ ಎಂದು ಒಮ್ಮೆ ನಾನೇ ಕೇಳಿದೆ.

"ಸರಿಯಾಗಿ ಗೊತ್ತಿಲ್ಲ ಅಕ್ಕ. ಸುತ್ತ ಹುಲ್ಲಿನ ವಾಸನೆ. ಮುಂದೆ ಯಾರೋ ಹಾಡ್ತಾ ಇದ್ರು. ಅಬ್ಬಾ, ಎಂಥಾ ಅಪಸ್ವರ!"

ಭಾವ ಒಬ್ಬರೇ ಇದ್ದಾಗ ಲಾರಿಯಲ್ಲಿ ಹಾಡಿಕೊಳ್ಳುತ್ತಾರೆಂಬುದು ಮನೆಯವರಾದ ನಮಗಷ್ಟೇ ಗೊತ್ತಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಭಾವನೂ ಅವನೂ ಈಗ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸಲಿಗೆ. ಕತ್ತಲಾಗುವ ಮೊದಲು ಮನೆಗೆ ಬಿಡುತ್ತೇನೆ, ಹತ್ತು ಎಂದು ಭಾವ ಲಾರಿಯ ಬಾಗಿಲು ತೆರೆದರೆ ಮಾತ್ರ ಅವನು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ.

"ಬೇಡ ದೊಡ್ಡಪ್ಪ, ನಡ್ಕೊಂಡೇ ಹೋಗ್ತೀನಿ" ಎಂದು ನಗುತ್ತಾನೆ. ನಗುವಾಗಲೂ ಅವನ ಕಣ್ಣು ಲಾರಿಯ ಹಿಂಭಾಗದ ಮೇಲೇ ಇರುತ್ತದೆ.