ಅಟ್ಟದ ಕೆಳಗೆ ನಿಲ್ಲುವವರು

ಬಿಳಿಗೆರೆಯ ದೊಡ್ಡರಂಗಯ್ಯನ ಹೆಂಡತಿ ಬೋರಮ್ಮ ದೈವಾಧೀನಳಾದದ್ದು ಎಪ್ಪತ್ತೇಳನೆಯ ಇಸವಿಯ ಮಾಘದಲ್ಲಿ. ಅದರ ಹಿಂದಿನ ವಾರ ಅಟ್ಟಕ್ಕೇರಿಸಿದ್ದ ತೆಂಗಿನಕಾಯಿಗಳು ವರ್ಷ ತುಂಬಿ ಕೊಬ್ಬರಿಯಾದರೂ ಅವನು ಇಳಿಸಲಿಲ್ಲ. ಆ ಕೆಲಸಕ್ಕೆ ಇಬ್ಬರು ಬೇಕು. ಮೇಲಿದ್ದವರು ಕಾಯನ್ನು ಕಿವಿಯ ಬಳಿ ಕುಲುಕಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟ ಸದ್ದು ಕೇಳಿದರೆ ಕೆಳಗೆ ಕೊಡುವರು. ಕೆಳಗಿನವರು ಮತ್ತೊಮ್ಮೆ ಕುಲುಕಿ, ಹಸಿಯೆನಿಸಿದ್ದನ್ನು ಹಿಂದಿರುಗಿಸುವರು. ಮೂವತ್ತು ವರ್ಷ ಕೆಳಗೆ ನಿಂತವಳು ಬೋರಮ್ಮ. ದೊಡ್ಡರಂಗಯ್ಯ ಆಮೇಲೆ ಯಾರನ್ನೂ ಕರೆಯಲಿಲ್ಲ, ಅಳಲೂ ಇಲ್ಲ. ಮಗಳು ಪುಟ್ಟಗೌರಮ್ಮ ಬಡಿಸಿದ್ದನ್ನು ಉಣ್ಣುವನು, ತೋಟಕ್ಕೆ ಹೋಗುವನು, ಬರುವನು.

ಕಿಬ್ಬನಹಳ್ಳಿಯಿಂದ ಬಂದ ಅಕ್ಕ ತಿಮ್ಮಕ್ಕ ನಾಲ್ಕು ದಿನ ನೋಡಿದಳು.

"ನಿಮ್ಮನೇಲಿ ಅಟ್ಟದ ಮೇಲಿನ ಕಾಯೇ ವಾಸಿ ಕಣ್ಲಾ ರಂಗ, ಇಲಿ ಓಡಾಡಿದ್ರೆ ಅವಾದ್ರೂ ಗಡಗಡ ಅಂತವೆ. ಈ ಮಗಾನ ನಾನೇ ಕರ್ಕೊಂಡೋಗ್ತೀನಿ, ನಮ್ಮನೇಲಿ ಇರ್ಲಿ."

"ಕರ್ಕೊಂಡೋಗು."

ಬಾಗಿಲಲ್ಲಿದ್ದ ಪುಟ್ಟಗೌರಮ್ಮ ಅದನ್ನು ಕೇಳಿಸಿಕೊಂಡು ಒಳಗೆ ಹೋದಳು.

ಮರುದಿನ ಬಟ್ಟೆ ಕೊಳ್ಳಲು ಮೂವರೂ ತಿಪಟೂರಿಗೆ ಹೋದರು. ತಿಮ್ಮಕ್ಕ ಹಟ ಹಿಡಿದು ಮಧ್ಯಾಹ್ನದ ಆಟಕ್ಕೆ ಕರೆದೊಯ್ದಳು. ಚಿತ್ರದಲ್ಲೊಬ್ಬ ಅಂಬಿಗ. ಸತ್ತ ಹೆಂಡತಿ ಕೂರುತ್ತಿದ್ದ ಹಲಗೆಯ ಮೇಲೆ ಮಗಳನ್ನೂ ಕೂರಗೊಡನು. ದಡದಲ್ಲಿ ಕಾದು ಕಾದು ಅವಳು ಕೊನೆಗೆ ಬೇರೆಯವರ ದೋಣಿ ಹತ್ತುವಳು. ಅವನು ಬರಿಯ ಹಲಗೆಯನ್ನು ಒರೆಸುತ್ತ ಉಳಿಯುವನು. ಸುತ್ತಲಿನ ಹೆಂಗಸರೆಲ್ಲ ಬಿಕ್ಕುತ್ತಿದ್ದರು.

ತಿಮ್ಮಕ್ಕ ಸೆರಗಿನಿಂದ ಮೂಗೊರೆಸಿಕೊಂಡು, "ನಿಂಗೆ ಒಂದು ಹನಿ ಬರ್ಲಿಲ್ವಲ್ಲೋ" ಎಂದಳು.

ಬಂದಿರಲಿಲ್ಲ, ನಿಜ. ಆ ಅಂಬಿಗನಿಗೆ ಕರೆಯಲು ಬಾಯಿತ್ತು, ದಡವೂ ಕೂಗಳತೆಯಲ್ಲಿತ್ತು ಎಂಬುದೊಂದೇ ಬಸ್ಸು ಬಿಳಿಗೆರೆ ಮುಟ್ಟುವವರೆಗೂ ಅವನ ಮನಸ್ಸಿನಲ್ಲಿ ಕದಲದೆ ಕುಳಿತಿತ್ತು.

ಬೆಳಿಗ್ಗೆ ತಿಮ್ಮಕ್ಕ ಪುಟ್ಟಗೌರಮ್ಮನ ಬಟ್ಟೆಯ ಗಂಟು ಕಟ್ಟುತ್ತಿದ್ದಾಗ ಅವನು ಏಣಿ ಹಾಕಿ ಅಟ್ಟ ಹತ್ತಿದನು. ಒಂದು ಕಾಯನ್ನು ಕುಲುಕಿದನು.

"ಗೌರಿ, ಬಾರವ್ವ. ಕೆಳಗೆ ಯಾರೂ ಇಲ್ಲ."

ಅವಳು ಬಂದು ಏಣಿಯ ಬುಡದಲ್ಲಿ ನಿಂತಳು. ಅವನು ಕೊಟ್ಟ ಕಾಯನ್ನು ಕುಲುಕಿ, ತುಸು ಆಲಿಸಿ, ಮತ್ತೆ ಮೇಲಕ್ಕೆ ನೀಡಿದಳು.

"ಇದಿನ್ನೂ ಹಸಿ ಕಣಪ್ಪ. ಕೇಳಿಸ್ಲಿಲ್ವಾ?"

"ಇಲ್ಲ."

"'ನಿಮ್ಮಪ್ಪಂಗೆ ಎಡಗಿವಿ ಮಂದ' ಅಂತ ಅಮ್ಮ ಹೇಳೋಳು. ಬಲಗಿವೀಲಿ ಕೇಳು."

ಅವನು ಆ ಕಾಯನ್ನು ಮೂಲೆಗಿಟ್ಟು ಮುಂದಿನದನ್ನು ಬಲಗಿವಿಗೆ ಹಿಡಿದನು. ತಿಮ್ಮಕ್ಕ ಗಂಟು ಬಿಚ್ಚಿ, ಸೀರೆಗಳನ್ನು ಮತ್ತೆ ಗಳುವಿನ ಮೇಲೆ ಹಾಕಿ, ಒಬ್ಬಳೇ ಬಸ್ಸಿಗೆ ಹೊರಟಳು.